ಮೂಗಿನ ಜಾಗೀರದಾರರು

ಡಾಕ್ಟರ್ ನರಸಿಂಹ ಜಾಗೀರದಾರರು ಯಾರ ಮುಖವನ್ನೂ ಪೂರ್ತಿಯಾಗಿ ನೋಡಿದವರಲ್ಲ. ಎದುರಿಗೆ ನಿಂತವನು ಮಂತ್ರಿಯಾಗಲಿ, ಬೆಳಗಿನ ಹಾಲು ತರುವವನಾಗಲಿ, ಅವರ ದೃಷ್ಟಿ ಮೊದಲು ಹೋಗಿ ಇಳಿಯುವುದು ಎರಡು ಕಣ್ಣುಗಳ ನಡುವಿನ ಸಣ್ಣ ದಿಣ್ಣೆಯ ಮೇಲೆ. ಅಲ್ಲಿಂದ ಮೆಲ್ಲಗೆ ಜಾರಿ ಮೂಗಿನ ತುದಿಗೆ ಬಂದು, ಕ್ಷಣಕಾಲ ವಿಶ್ರಮಿಸಿ, ಹೊಳ್ಳೆಗಳೆರಡೂ ಸಮವಾಗಿವೆಯೆಂದು ಖಾತ್ರಿಯಾದ ಮೇಲೆಯೇ ಬಾಯಿಂದ ನಮಸ್ಕಾರವೆಂಬ ಶಬ್ದ ಹೊರಡುತ್ತದೆ. ಪರಿಚಯವಿಲ್ಲದವರು ತಮ್ಮ ಮೂಗಿಗೆ ಏನೋ ಅಂಟಿದೆಯೆಂದು ಗಾಬರಿಯಾಗಿ ಕರವಸ್ತ್ರ ತೆಗೆಯುತ್ತಾರೆ. ಪರಿಚಯವಿದ್ದವರೂ ತೆಗೆಯುತ್ತಾರೆ, ಸ್ವಲ್ಪ ತಡವಾಗಿ.

“ನನ್ನ ನೋಡ್ಲಿಕ್ಕೆ ಬಂದಾಗ ಇವರು ನೋಡಿದ್ದು ಮೂಗಷ್ಟೇ ರೀ,” ಎಂದು ಅವರ ಪತ್ನಿ ಸುಹಾಸಿನಿಯವರು ಅತಿಥಿಗಳಿಗೆ ಅವಲಕ್ಕಿ ಕೊಡುತ್ತ ಹೇಳುವುದುಂಟು. “ಒಳಗಿನ ಎಲುಬು ಎಡಕ್ಕ ಸೊಟ್ಟ ಅದ ಅಂತ ನಮ್ಮಪ್ಪನ ಮುಂದನ ಹೇಳಿದ್ರು. ಆಮ್ಯಾಲೆ ಹೂಂ ಅಂದ್ರು.”

ಡಾಕ್ಟರರ ಮುತ್ತಜ್ಜನಿಗೆ ರಾಯಚೂರು ಸೀಮೆಯಲ್ಲಿ ನಿಜವಾಗಿಯೇ ಜಾಗೀರಿತ್ತಂತೆ. ತಂದೆಯ ಕಾಲಕ್ಕೆ ಅದು ಕರಗಿ, ಹೈದರಾಬಾದಿನ ಸರಕಾರಿ ಕಚೇರಿಯೊಂದರ ಕುರ್ಚಿಯಾಯಿತು. ಕುರ್ಚಿಯೂ ನಿವೃತ್ತಿಯೊಂದಿಗೆ ಹೋದ ಮೇಲೆ ವಂಶದಲ್ಲಿ ಉಳಿದದ್ದು ಅಡ್ಡಹೆಸರು ಮತ್ತು ಒಂದು ಕರಿಯ ಕೋಟು. ಆ ಕೋಟನ್ನು ಮಗ ಏಪ್ರಿಲ್ ತಿಂಗಳಲ್ಲಿಯೂ ತೊಡುತ್ತಾರೆ. ಮೊಣಕೈಗಳು ಕನ್ನಡಿಯಂತೆ ಮಿರುಗುತ್ತವೆ. ಬಲಜೇಬಿನಲ್ಲಿ ಒಂದು ಪುಟ್ಟ ಬ್ಯಾಟರಿ ಸದಾ ಇರುತ್ತದೆ, ಯಾವ ಮದುವೆಯಲ್ಲಿ ಯಾರ ಹೊಳ್ಳೆ ಕರೆಯುವುದೋ ಯಾರು ಬಲ್ಲರು. ಅಡ್ಡಹೆಸರಿಗೆ ಮಾತ್ರ ಅವರು ಮರುಜೀವ ಕೊಟ್ಟರು. ಹುಬ್ಬಿನಿಂದ ಮೇಲ್ದವಡೆಯವರೆಗೆ, ಈ ಕಪೋಲದಿಂದ ಆ ಕಪೋಲದವರೆಗೆ ಮನುಷ್ಯನ ಮುಖದ ನಟ್ಟನಡುವಿನ ಭೂಮಿಯನ್ನು ಸ್ವಂತ ಪರಿಶ್ರಮದಿಂದ ಸಂಪಾದಿಸಿಕೊಂಡು, ಕಳೆದ ಮೂವತ್ತು ವರ್ಷಗಳಿಂದ ನಗರದ ದೊಡ್ಡ ಆಸ್ಪತ್ರೆಯೊಂದರಲ್ಲಿ ನಿರಾತಂಕವಾಗಿ ಆಳುತ್ತಿದ್ದಾರೆ.

ಹೈದರಾಬಾದಿನ ತಾರ್ನಾಕದಲ್ಲಿ ನಮ್ಮದು ಎದುರುಬದುರು ಮನೆ. ಬೆಳಗಿನ ನಡಿಗೆ ಜೊತೆಯಾಗಿ. ಅವರದು ವಿಚಿತ್ರ ನಡಿಗೆ. ಬಲಭುಜ ಮುಂದೆ, ಎಡಭುಜ ಹಿಂದೆ, ಎಷ್ಟು ಅಗಲವಾದ ರಸ್ತೆಯಿದ್ದರೂ ಇಕ್ಕಟ್ಟಿನ ಓಣಿಯಲ್ಲಿ ತೂರುವವರಂತೆ ಓರೆಯಾಗಿ ನಡೆಯುತ್ತಾರೆ. ನನಗೊಮ್ಮೆ ತಿಂಗಳುಗಟ್ಟಲೆ ನೆಗಡಿ ಹಿಡಿದು, ಇಷ್ಟು ದೊಡ್ಡ ವೈದ್ಯರ ನೆರೆಯವನಾಗಿ ನನ್ನದೂ ಏನಾದರೂ ಗಂಭೀರವೂ ಅಪರೂಪವೂ ಆದ ವ್ಯಾಧಿಯಿರಬಹುದೆಂದು ಭಯದ ಜೊತೆಗೆ ಒಂದಿಷ್ಟು ಹೆಮ್ಮೆಯನ್ನೂ ಹೊತ್ತು ಅವರೆದುರು ತಲೆ ಹಿಂದಕ್ಕೆ ಚಾಚಿ ಕುಳಿತೆ. ಬ್ಯಾಟರಿ ಹತ್ತಿತು, ಆರಿತು. “ನಿಮ್ಮ ಮೂಗಿನಾಗ ಏನೂ ಇಲ್ಲ ಬಿಡ್ರಿ. ಭಾಳ ಸಾಮಾನ್ಯ ಮೂಗು,” ಎಂದರು. ಆರೋಗ್ಯವಾಗಿದ್ದೇನೆಂಬ ನನ್ನ ಸಂತೋಷಕ್ಕೆ ಆ ‘ಸಾಮಾನ್ಯ’ವೆಂಬ ಮಾತಿನಿಂದ ಚೇತರಿಸಿಕೊಳ್ಳಲು ಒಂದು ವಾರ ಹಿಡಿಯಿತು.

ನಮಸ್ಕಾರದ ನಂತರ ಅವರು ಆಡುವ ಎರಡನೆಯ ಮಾತು ಯಾವಾಗಲೂ ಒಂದೇ: “ಯಾ ದಾರೀಲೆ ಬಂದ್ರಿ?”

ಬಂದವರು ಇದನ್ನು ಸೌಜನ್ಯಕ್ಕಾಗಿ ಕೇಳಿದರೆಂದು ಭಾವಿಸಿ ‘ಹೀಗೇ ಬಂದೆ’ ಎಂದು ತೇಲಿಸಿದರೆ ಕೆಟ್ಟರು. ಯಾವ ವೃತ್ತದಲ್ಲಿ ತಿರುಗಿದಿರಿ, ಅಮೀರ್‌ಪೇಟ್‌ನಲ್ಲಿ ಮೆಟ್ರೋ ಬದಲಿಸಿದಿರೋ ಇಲ್ಲ ಬಸ್ಸು ಹಿಡಿದಿರೋ, ಮೇಲ್ಸೇತುವೆ ಏರಿದಿರೋ ಕೆಳಗಿನಿಂದ ನುಸುಳಿದಿರೋ, ಎಲ್ಲದರ ವಿಚಾರಣೆ ನಡೆದು, ಬೇರೆ ದಾರಿಯಲ್ಲಿ ಬರಬೇಕಿತ್ತೆಂಬ ತೀರ್ಪು ಹೊರಬೀಳುವಷ್ಟರಲ್ಲಿ ಚಹಾ ಆರಿರುತ್ತದೆ. ಸ್ವಂತ ಸೋದರಸೊಸೆಯ ಮದುವೆಗೆ ಅವರು ಹೊಸದೊಂದು ಒಳದಾರಿ ಕಂಡುಹಿಡಿದು ತಲುಪಿದಾಗ ಮಂಟಪದ ಹೂವು ಕೀಳುತ್ತಿದ್ದರು. “ಆದ್ರ ಒಂದೂ ಸಿಗ್ನಲ್ ಹತ್ತಲಿಲ್ಲ ನೋಡ್ರಿ,” ಎಂದು ಅವರು ವಧುವಿಗೆ ಹೇಳಿದ್ದನ್ನು ಬಂಧುವರ್ಗ ಇನ್ನೂ ಕ್ಷಮಿಸಿಲ್ಲ.

ಈ ಗೀಳಿನ ಮೂಲ ಅವರ ಕಸುಬಿನಲ್ಲಿದೆ. ಮೂಗಿನ ಅಕ್ಕಪಕ್ಕದ ಎಲುಬುಗಳಲ್ಲಿ ಗಾಳಿ ತುಂಬಿದ ಪುಟ್ಟ ಪುಟ್ಟ ಕೋಣೆಗಳಿವೆ. ಸೈನಸ್ಸು ಎನ್ನುತ್ತೇವೆ, ನೆಗಡಿಯಾದಾಗಷ್ಟೇ ನೆನೆಯುತ್ತೇವೆ. ಅಂಥ ಕೋಣೆಯಲ್ಲಿ ಕ್ಯಾನ್ಸರಿನ ಗಂಟು ಮನೆಮಾಡಿದರೆ ಅದನ್ನು ತೆಗೆಯುವುದಕ್ಕಿಂತ ಅದರ ಬಳಿ ಹೋಗುವುದೇ ಕಠಿಣ. ಪಕ್ಕದಲ್ಲಿ ಕಣ್ಣು, ಕೆಳಗೆ ಹಲ್ಲು, ಮೇಲ್ಗಡೆ ಮೊಟ್ಟೆಯ ಸಿಪ್ಪೆಯಷ್ಟು ತೆಳ್ಳನೆಯ ಎಲುಬಿನಾಚೆ ಸಾಕ್ಷಾತ್ ಮಿದುಳು. “ಮೂಗಿನ ಮಾಳಿಗಿ ಅಂದ್ರ ಮಿದುಳಿನ ನೆಲಾ ರೀ. ತೂತು ಬಿತ್ತಂದ್ರ ಮ್ಯಾಲಿನ ಮನಿ ನೀರು ಕೆಳಗ ಸೋರ್ತದ,” ಎಂದು ಅವರು ವಿವರಿಸಿದಾಗ, ಮೇಲ್ಮಹಡಿಯವರ ಬಚ್ಚಲಿನ ದೆಸೆಯಿಂದ ಆ ವರ್ಷವೆಲ್ಲ ಬಕೆಟ್ಟಿಟ್ಟುಕೊಂಡು ಬದುಕುತ್ತಿದ್ದ ನನಗೆ ವೈದ್ಯಶಾಸ್ತ್ರ ಮೊದಲ ಬಾರಿಗೆ ಕರತಲಾಮಲಕವಾಯಿತು.

ದಾರಿಗಳು ಹಲವಿವೆ. ಹಳೆಯದು ರಾಜಮಾರ್ಗ: ಕಣ್ಣಿನ ಒಳಮೂಲೆಯಿಂದ ಮೂಗಿನ ಪಕ್ಕದ ಮಡಿಕೆಗುಂಟ ತುಟಿಯವರೆಗೆ ಸೀಳಿ, ಕೆನ್ನೆಯನ್ನು ಕದದಂತೆ ತೆರೆಯುವುದು. ಇನ್ನೊಂದು ಗುಪ್ತಮಾರ್ಗ: ಮೇಲ್ದುಟಿಯ ಒಳಗಿನಿಂದ ಬಿಡಿಸಿ ಮುಖದ ಚರ್ಮವನ್ನೇ ಮೇಲಕ್ಕೆತ್ತುವುದು, ಹೊರಗೆ ಗೆರೆ ಕಾಣದು. ಈಚಿನದು ಹೊಳ್ಳೆಯೊಳಗಿಂದಲೇ ಸಪೂರ ದುರ್ಬೀನು ತೂರಿಸಿ, ಪರದೆಯ ಮೇಲೆ ನೋಡುತ್ತ ನೋಡುತ್ತ ಒಳಗೊಳಗೇ ಕಾರ್ಯ ಮುಗಿಸುವುದು. ಇದನ್ನು ಜಾಗೀರದಾರರು ಐವತ್ತು ದಾಟಿದ ಮೇಲೆ ತಮ್ಮದೇ ಶಿಷ್ಯರ ಪಕ್ಕದಲ್ಲಿ ಕುಳಿತು ಕಲಿತರು. ಗಂಟು ಮಾಳಿಗೆಯನ್ನು ದಾಟಿದ್ದರೆ ಮಿದುಳಿನ ವೈದ್ಯರು ಮೇಲಿನಿಂದ ಇಳಿಯುತ್ತಾರೆ, ಇವರು ಕೆಳಗಿನಿಂದ ಏರುತ್ತಾರೆ, ಇಬ್ಬರೂ ಮಧ್ಯೆ ಸಂಧಿಸುತ್ತಾರೆ. “ನಮ್ಮವ್ವ ಸುಮ್ನ ಇಟ್ಟಿಲ್ಲ ನರಸಿಂಹ ಅಂತ,” ಎಂದು ಅವರು ಇಂಥ ಸಂದರ್ಭದಲ್ಲಿ ಕೊಂಚ ಉಬ್ಬುತ್ತಾರೆ. “ಒಳಗೂ ಅಲ್ಲ, ಹೊರಗೂ ಅಲ್ಲ. ನಮ್ಮ ಕೆಲಸೆಲ್ಲಾ ಹೊಸ್ತಿಲ ಮ್ಯಾಲೆ.”

ಎಷ್ಟು ಉಬ್ಬಿದರೂ ಒಂದು ಮಾತಿಗೆ ಮಾತ್ರ ತಗ್ಗುತ್ತಿದ್ದರು. “ದಾರಿ ಆರಿಸಾಂವ ಡಾಕ್ಟರ್ ಅಲ್ರೀ. ಗಂಟು ಆರಿಸ್ತದ. ನಾವು ಹೂಂ ಅನ್ನೋದು ಅಷ್ಟೇ.” ಅವರ ನಿಜವಾದ ಜಂಬ ಬೇರೆಯ ಕಡೆಯಿತ್ತು. ವರುಷದ ಮೇಲೆ ರೋಗಿ ಎಲ್ಲಿಯೋ ಬಸ್‌ಸ್ಟಾಪಿನಲ್ಲಿ ಸಿಕ್ಕರೆ, ತಾವೇ ಹಾಕಿದ ಗೆರೆಯನ್ನು ಅವನ ಮುಖದ ಮೇಲೆ ಹುಡುಕುತ್ತಾರೆ; ಹುಡುಕಿ ಹುಡುಕಿ ಸಿಗದೆ ಹೋದರೆ ಆ ದಿನ ಮನೆಯಲ್ಲಿ ಶ್ಯಾವಿಗೆ ಪಾಯಸ. ಬಂದು ಹೋದ ಗುರುತು ಉಳಿಯಬಾರದು, ಅದೇ ಅವರ ಕಿರೀಟ.

ಇಂಥವರು ಕನ್ನಡದಿಂದಾಗಿ ಪೇಚಿಗೆ ಸಿಕ್ಕಿದರೆಂದರೆ ನಂಬುವುದು ಕಷ್ಟ. ನಮ್ಮ ಕನ್ನಡ ಬಳಗದ ಅಧ್ಯಕ್ಷರಾದ ಗುರುಶಾಂತರು ರೈಲ್ವೆಯಿಂದ ನಿವೃತ್ತರು. ಮನೆಯ ಉಪ್ಪಿನಕಾಯಿ ಭರಣಿಗೆ ಹೆಸರು ಬರೆದರೂ ಕೆಳಗೆ ‘ಅಧ್ಯಕ್ಷರು’ ಎಂದು ರುಜು ಹಾಕುವವರು. ಎರಡು ವರ್ಷದ ಹಿಂದಿನ ನವೆಂಬರದಲ್ಲಿ ಅವರು ವೇದಿಕೆಯ ಮೇಲಿಂದ ಎಲ್ಲರಿಗೂ ಪ್ರಮಾಣವಚನ ಬೋಧಿಸಿದರು: ಈ ಒಂದು ತಿಂಗಳು ವೃತ್ತಿಯಲ್ಲಿ ಇಂಗ್ಲಿಷ್ ಶಬ್ದ ನಾಲಿಗೆಗೆ ತಾಕಬಾರದು. ನಾವೆಲ್ಲ ಕೈ ಮುಂದೆ ಚಾಚಿ ಪ್ರಮಾಣ ಮಾಡಿ, ‘ಸೂಪರ್ ಪ್ರೋಗ್ರಾಮ್’ ಎಂದುಕೊಳ್ಳುತ್ತ ಊಟಕ್ಕೆ ಎದ್ದೆವು. ಡಾಕ್ಟರರು ಮಾತ್ರ ಅದನ್ನು ನಂಬಿದರು. ಅವರ ಕನ್ನಡವಾದರೂ ಎಂಥದು? ತಾಯಿಯೊಡನೆ, ಅಡಿಗೆಮನೆಯಲ್ಲಿ, ದೇವರಮನೆಯಲ್ಲಿ ಆಡಿದ್ದು. ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದೇ ಇಲ್ಲ. ಅಲ್ಲೆಲ್ಲ ತೆಲುಗು, ಹಿಂದಿ, ನಡುನಡುವೆ ಇಂಗ್ಲಿಷು.

ಆ ನವೆಂಬರದಲ್ಲಿಯೇ ಗದಿಗೆಮ್ಮ ಬಂದಳು.

ಲಿಂಗಸೂಗೂರು ಕಡೆಯವಳು, ಗಂಡ ಹುಸೇನಪ್ಪನೊಡನೆ ಹೈದರಾಬಾದಿನ ಸನತ್‌ನಗರಕ್ಕೆ ಬಂದು ಇಪ್ಪತ್ತು ವರ್ಷವಾಗಿತ್ತು. ಅವನು ಗೋಡೆ ಕಟ್ಟುವ ಗೌಂಡಿ ಕೆಲಸದವನು, ಅವಳು ಮಂಚ ಮೇಜು ಮಾಡುವ ಕಾರಖಾನೆಯೊಂದರಲ್ಲಿ ಕಟ್ಟಿಗೆಯನ್ನು ಉಜ್ಜಿ ನುಣುಪು ಮಾಡುವವಳು. ಆ ಕಟ್ಟಿಗೆಯ ಧೂಳನ್ನು ಅಷ್ಟು ಕಾಲ ಉಸಿರಾಡಿದವಳಿಗೆ ಒಂದು ಹೊಳ್ಳೆ ಕಟ್ಟಿತ್ತು. ಸಿಂಬಳದಲ್ಲಿ ರಕ್ತ ಕಾಣಿಸುತ್ತಿತ್ತು. ಉಷ್ಣವೆಂದು ಮಜ್ಜಿಗೆ ಕುಡಿದಳು. ಸ್ಕ್ಯಾನಿನಲ್ಲಿ ಕಂಡದ್ದು ಗಂಟು, ಮಾಳಿಗೆಯನ್ನು ಮುಟ್ಟಿದ್ದು, ಇನ್ನೂ ದಾಟದೆ ಇದ್ದದ್ದು. ದುರ್ಬೀನಿನಿಂದಲೇ ಆಗಬಹುದು, ಆಗದಿದ್ದರೆ ಮೂಗಿನ ಪಕ್ಕ ಸೀಳಬೇಕಾದೀತು, ಎರಡಕ್ಕೂ ರೋಗಿಯ ಒಪ್ಪಿಗೆ ಮೊದಲೇ ಬೇಕು. ತೆಲುಗು ಶಿಷ್ಯರೆಲ್ಲ ಸುತ್ತ ನಿಂತಿರಲು, ರೋಗಿಯ ಭಾಷೆಯಲ್ಲಿ ಹೇಗೆ ಮಾತಾಡಬೇಕೆಂಬುದನ್ನು ತೋರಿಸಿಕೊಡುವ ಹುಮ್ಮಸ್ಸಿನಲ್ಲಿ ಡಾಕ್ಟರರು ಗಂಟಲು ಸರಿಪಡಿಸಿಕೊಂಡು ಅಪ್ಪಟ ಕನ್ನಡದಲ್ಲಿ ಹೇಳಿದರು: “ಗದಿಗೆಮ್ಮ, ಮೊದಲ ಮೂಗುತಿ ತೆಗೀಬೇಕು. ಆಮ್ಯಾಲೆ, ಬೇಕಾತಂದ್ರ, ಮೂಗು ಕೊಯ್ತೀನಿ.”

ಒಂದಾದರೂ ಇಂಗ್ಲಿಷ್ ಶಬ್ದವಿಲ್ಲ. ಗುರುಶಾಂತರು ಅಲ್ಲಿದ್ದಿದ್ದರೆ ಶಾಲು ಹೊದಿಸುತ್ತಿದ್ದರು. ಗದಿಗೆಮ್ಮ ಮಾತ್ರ ಕುರ್ಚಿಯಿಂದೆದ್ದು ಸೆರಗು ಬಿಗಿದಳಂತೆ.

“ನಾ ಏನ್ ತಪ್ಪ್ ಮಾಡೀನಂತ ನನ್ನ ಮೂಗು ಕೊಯ್ತೀರಿ? ನನ್ನ ಗಂಡ ಹೊರಗ ಕುಂತಾನ, ಅವನ್ನ ಕೇಳ್ರಿ! ಇಷ್ಟು ವರ್ಸದಾಗ ಅಂವ ಒಂದ್ ಮಾತು ಅಂದಿಲ್ಲ, ನೀವ್ಯಾರು ಕೊಯ್ಯಾಕ?”

ಹೋದಳು. ಹೆದರಿರಬೇಕೆಂದುಕೊಂಡ ಡಾಕ್ಟರರು ರಾತ್ರಿಯ ಊಟಕ್ಕೆ ಕುಳಿತಾಗ ಹೆಂಡತಿಗೆ ಇದನ್ನು ಹೇಳಿದರು. ಸುಹಾಸಿನಿಯವರು ಮೊದಲು ನಕ್ಕರು, ಆಮೇಲೆ ನಗು ನಿಲ್ಲಿಸಿದರು. “ಅಯ್ಯ, ಹೆಣ್ಮಗಳಿಗೆ ಮೂಗು ಕೊಯ್ತೀನಿ ಅಂದ್ರಿ? ಮ್ಯಾಲೆ ಮೂಗುತಿನೂ ತೆಗಿ ಅಂದ್ರಿ? ‘ಆಪರೇಷನ್’ ಅನ್ನಲಿಕ್ಕೆ ಏನಾಗಿತ್ತು? ಅಕಿ ನಿಮ್ಮ ಮೂಗು ಕೊಯ್ಲಿಲ್ಲಲ್ಲ, ಪುಣ್ಯಾ ಅನ್ರಿ.” ನಮ್ಮ ಸೀಮೆಯಲ್ಲಿ ಹೆಣ್ಣಿನ ಮೂಗು ಕೊಯ್ಯುವುದು ಪುರಾಣಕಾಲದಿಂದಲೂ ಶಿಕ್ಷೆ, ಶೀಲಗೆಟ್ಟವಳಿಗೆ ಊರು ಕೊಡುವ ಸರ್ಟಿಫಿಕೇಟು. ಮುಖದ ನಡುವಿನ ಅಷ್ಟು ನೆಲವನ್ನು ಆಳಿದ ಜಾಗೀರದಾರರಿಗೆ ಆ ನೆಲದ ಮೇಲೆ ಮಾನವೆಂಬುದೂ ಬೆಳೆಯುತ್ತದೆಂದು ಮರೆತುಹೋಗಿತ್ತು.

ವಾರ ಕಳೆದರೂ ಆಕೆ ಬರಲಿಲ್ಲ. ಕೊಟ್ಟಿದ್ದ ನಂಬರಿಗೆ ಫೋನು ಹತ್ತಲಿಲ್ಲ. ಬೆಳಗಿನ ನಡಿಗೆಯಲ್ಲಿ ಡಾಕ್ಟರರು ಮೂಗುಗಳನ್ನು ನೋಡುವುದನ್ನು ಬಿಟ್ಟರು. “ಮಾಳಿಗಿ ಮುಟ್ಟೇದ ರೀ. ಇವತ್ತು ಹಿಡಿದ್ರ ತೆಗೀಬಹುದು. ದಾಟಿತಂದ್ರ ಮಿದುಳು, ಆ ಕಡೆ ಕಣ್ಣು. ಆಮ್ಯಾಲೆ ನನ್ನ ಹತ್ತರ ದಾರಿನ ಇಲ್ಲ,” ಎಂದರು. ಮತ್ತೆ ಸ್ವಲ್ಪ ದೂರ ನಡೆದು, “ನೀವು ಬರಿಯೋರು. ಶಬ್ದ ಗೊತ್ತಿರ್ತಾವ. ನನ್ನ ಜೋಡಿ ಸನತ್‌ನಗರಕ್ಕ ಬರ್ರಿ,” ಎಂದರು.

ಸಾಹಿತ್ಯಕ್ಕೆ ಕೊನೆಗೂ ಸಂದ ಈ ಮರ್ಯಾದೆಯಿಂದ ನಾನು ಎಷ್ಟು ಹಿಗ್ಗಿದೆನೆಂದರೆ, ಮೆಟ್ರೋದಲ್ಲಿ ಕೂತು ಅಮೀರ್‌ಪೇಟ್ ಬರುವಷ್ಟರಲ್ಲಿ ಶಸ್ತ್ರಕ್ರಿಯೆ, ಛೇದನ, ಶಲ್ಯಚಿಕಿತ್ಸೆ ಎಂದು ಮೂರು ಪರ್ಯಾಯಪದಗಳನ್ನು ಸಿದ್ಧಮಾಡಿಕೊಂಡಿದ್ದೆ. ಜೊತೆಗೊಂದು ಉಪಾಯವನ್ನೂ ಹೇಳಿದೆ. “ಏನೂ ಕೊಯ್ಯಂಗಿಲ್ಲ, ಸೀಳಂಗಿಲ್ಲ ಅಂದುಬಿಡ್ರಿ. ಒಮ್ಮೆ ಮಲಗಿದ ಮ್ಯಾಲೆ ಅಕಿಗೇನು ಗೊತ್ತಾಗ್ತದ?”

ಡಾಕ್ಟರರು ತಿರುಗಿ ನನ್ನತ್ತ ನೋಡಿದರು. ಇಷ್ಟು ವರ್ಷಗಳ ನೆರೆತನದಲ್ಲಿ ಅವರು ನನ್ನ ಮೂಗನ್ನು ಬಿಟ್ಟು ಕಣ್ಣುಗಳನ್ನು ನೋಡಿದ್ದು ಅದೇ ಮೊದಲು.

“ಎದ್ದ ಮ್ಯಾಲೆ ಗೊತ್ತಾಗ್ತದಲ್ರೀ,” ಎಂದರು.

ಎರ್ರಗಡ್ಡದಲ್ಲಿ ಇಳಿದು, ಆಟೋದವನಿಗೆ ದಾರಿ ತಾವೇ ಹೇಳಿಕೊಟ್ಟು, ಡಾಕ್ಟರರು ನಮ್ಮನ್ನು ಒಂದೇ ಸಿಲಿಂಡರ್ ಗೋದಾಮಿನ ಮುಂದೆ ಎರಡು ಸಲ ತಂದು ನಿಲ್ಲಿಸಿದರು. ಆಟೋದವನು ತೆಲುಗಿನಲ್ಲಿ ಏನೋ ಗೊಣಗಿದ; ದೈವಕೃಪೆಯಿಂದ ಇಬ್ಬರಿಗೂ ಕೇಳಿಸದಂತೆ ನಟಿಸಲು ಬರುತ್ತಿತ್ತು. ಕಾರಖಾನೆಯ ಹಿಂದಿನ ತಗಡಿನ ಮನೆಗಳ ಸಾಲಿನಲ್ಲಿ ಹುಸೇನಪ್ಪ ಸಿಕ್ಕ. ಪಾಪ, ಸಾಧು ಮನುಷ್ಯ. “ಹೇಳಿ ಹೇಳಿ ಸಾಕಾತ್ರಿ ಸಾಹೇಬ್ರ. ಆಸ್ಪತ್ರಿ ಅಂದ್ರ ನನಗಽ ಬೈತಾಳ. ನೀವು ಬಂದದ್ದು ನೋಡಿ ಕದ ಹಾಕ್ಕೊಂಡಾಳ ನೋಡ್ರಿ.”

ನಾನು ಮುಂದೆ ಬಂದೆ. ಮುಚ್ಚಿದ ತಗಡಿನ ಕದದ ಎದುರು ನಿಂತು, ಆರೋಗ್ಯವೇ ಭಾಗ್ಯವೆಂಬಲ್ಲಿಂದ ಹಿಡಿದು ಶಲ್ಯಚಿಕಿತ್ಸೆಯ ಮಹತ್ತ್ವದವರೆಗೆ, ನಮ್ಮ ಬಳಗದಲ್ಲಿ ಚಪ್ಪಾಳೆ ಗಿಟ್ಟಿಸಬಹುದಾದ ನಾಲ್ಕು ವಾಕ್ಯಗಳನ್ನಾಡಿದೆ. ಒಳಗಿನಿಂದ ದನಿ ಬಂತು: “ಯಾರವ್ವಾ ಅದು? ಇಲೆಕ್ಷನ್ ಮಂದಿ ಏನು?”

ಹುಸೇನಪ್ಪ ನೆಲ ನೋಡಿದ. ಡಾಕ್ಟರರು ಕದವನ್ನು ನೋಡಿದರು, ಗೋಡೆಯನ್ನು ನೋಡಿದರು, ಆ ಮನೆಗೂ ಪಕ್ಕದ ಮನೆಗೂ ನಡುವಿನ ಒಂದು ಸಂದಿಯನ್ನು ನೋಡಿದರು. ಬಲಭುಜ ಮುಂದಿಟ್ಟು ಓರೆಯಾಗಿ ಅದರೊಳಗೆ ತೂರಿ ಮಾಯವಾದರು. ಆ ನಡಿಗೆ ಯಾತಕ್ಕಾಗಿ ಹುಟ್ಟಿತ್ತೆಂಬುದು ನನಗೆ ಆಗ ತಿಳಿಯಿತು. ಅವರಷ್ಟು ಸಪೂರನಲ್ಲದ ನಾನು ಉಸಿರು ಬಿಗಿಹಿಡಿದು ಹಿಂಬಾಲಿಸಿದೆ. ಹಿತ್ತಲಲ್ಲಿ ನಲ್ಲಿಯ ಬಳಿ ಗದಿಗೆಮ್ಮ ಪಾತ್ರೆ ತಿಕ್ಕುತ್ತಿದ್ದಳು. ಸುಣ್ಣ ಮೆತ್ತಿದ ಕರಿಯ ಕೋಟೊಂದು ಗೋಡೆಯ ನಡುವಿನಿಂದ ಉದ್ಭವಿಸಿದ್ದನ್ನು ಕಂಡು ಆಕೆಯ ಕೈಯಿಂದ ತಾಟು ಜಾರಿತು.

“ಅಯ್ಯ ಶಿವನ! ಯಾ ದಾರೀಲೆ ಬಂದ್ರಿ ಸಾಹೇಬ್ರ?”

ಜನ್ಮವಿಡೀ ತಾವು ಕೇಳಿದ ಪ್ರಶ್ನೆಯನ್ನು ಒಬ್ಬರಾದರೂ ತಮಗೆ ಕೇಳಿದರಲ್ಲ! ಡಾಕ್ಟರರು ಬೋರಲು ಬಿದ್ದಿದ್ದ ಬಕೆಟ್ಟಿನ ಮೇಲೆ ಕುಳಿತು, ಬಂದ ಕಾರ್ಯವನ್ನು ಬದಿಗಿಟ್ಟು, ತಾರ್ನಾಕದಿಂದ ಮೊದಲುಗೊಂಡು ಸಿಲಿಂಡರ್ ಗೋದಾಮಿನವರೆಗೆ ಸವಿಸ್ತಾರವಾಗಿ ಉತ್ತರಿಸಿದರು.

“ಸುತ್ತ ಹೊಡದೀರಿ ಬಿಡ್ರಿ,” ಎಂದಳು ಗದಿಗೆಮ್ಮ. “ಎಣ್ಣಿ ಗಿರಣಿ ಬಾಜೂಕ ಬಂದಿದ್ರ ಇಲ್ಲೇ ಐತಿ.”

“ಹೌದೇನು?” ಎಂದು ಡಾಕ್ಟರರು ನಿಜವಾದ ಆಸಕ್ತಿಯಿಂದ ಕೇಳಿದರು. ಆಮೇಲೆ ದನಿ ತಗ್ಗಿಸಿದರು. “ಗದಿಗೆಮ್ಮ, ಅವತ್ತು ನನ್ನ ಮಾತು ತಪ್ಪಾತು. ಮೂಗು ನಿಂದು, ಅದನ್ನ ಯಾರೂ ಕೊಯ್ಯಂಗಿಲ್ಲ. ಅದರ ಹಿಂದ ಒಂದು ಗಂಟು ಅದ, ಅದನ್ನ ತೆಗೀಬೇಕು. ಹೊಳ್ಳಿಯೊಳಗಿಂದನ ಬಂದ್ರ ಛಲೋ. ಬರಲಿಲ್ಲಂದ್ರ,” ಎಂದು ತಮ್ಮ ಮೂಗಿನ ಪಕ್ಕದಲ್ಲಿ ಬೆರಳಿನಿಂದ ಮೇಲಿನಿಂದ ಕೆಳಗೆ ಗೆರೆಯೆಳೆದು, “ಇಲ್ಲಿ ಬಾಜೂಕ ಸೀಳಿ, ತೆಗದು, ಮತ್ತ ಹೊಲೀತೀನಿ. ಗೆರಿ ಉಳೀತದ. ಸುಳ್ಳು ಹೇಳಂಗಿಲ್ಲ.”

“ತೆಗೀಲಿಲ್ಲಂದ್ರ?”

“ಕಣ್ಣಿಗೆ ಹೋಗ್ತದ. ತಲಿಗೆ ಹೋಗ್ತದ. ನೀ ಉಳಿಯಂಗಿಲ್ಲವಾ.”

ಆಕೆ ಬಿದ್ದ ತಾಟನ್ನೆತ್ತಿಕೊಂಡು ಬಹಳ ಹೊತ್ತು ತಿಕ್ಕಿದಳು. ಅದು ಆಗಲೇ ತೊಳೆದ ತಾಟಾಗಿತ್ತು.

“ಹಂಗಾದ್ರ ಸೀಳ್ತೀನಿ ಅನ್ರಿ,” ಎಂದಳು ಕೊನೆಗೆ. “ಅರಿವಿ ಸೀಳಿ ಹೊಲದಂಗ. ಸೀಳೂದು ಬ್ಯಾರೆ, ಕೊಯ್ಯೂದು ಬ್ಯಾರೆ. ಇಷ್ಟು ಓದೀರಿ, ಅದು ಗೊತ್ತಾಗಂಗಿಲ್ಲ?”

“ಸೀಳ್ತೀನವಾ,” ಎಂದರು ಡಾಕ್ಟರರು, ವಿಧೇಯ ವಿದ್ಯಾರ್ಥಿಯಂತೆ.

ಮೂಗುತಿಯ ಪಂಚಾಯ್ತಿ ಅಷ್ಟು ಸುಲಭದಲ್ಲಿ ಮುಗಿಯಲಿಲ್ಲ. ಒಳಗೆ ವಿದ್ಯುತ್ತಿನ ಉಪಕರಣವಿರುತ್ತದೆ, ಲೋಹವಿದ್ದರೆ ಸುಡುತ್ತದೆ ಎಂದು ಇವರು. ಗಂಡನಿರುವಾಕೆ ಬರೀ ಮೂಗಿನಲ್ಲಿ ಮಲಗುವುದಿಲ್ಲವೆಂದು ಆಕೆ. ಅಷ್ಟರಲ್ಲಿ ಅದೇ ಸಂದಿಯಿಂದ ತೂರಿ ಬಂದ ಹುಸೇನಪ್ಪ, “ನಾನಽ ಬಿಚ್ಚತೀನಿ, ನನ್ನ ಕಡೆನಽ ಇರ್ಲಿ. ಆತಿಲ್ಲ?” ಎಂದ. ಆಕೆ ಅರ್ಧ ಒಪ್ಪಿದಳು. “ತೂತು ಖಾಲಿ ಇರಬಾರ್ದಲ್ಲ. ಮೂಗುತಿ ಬದಲಿ ಮಾಡೂ ಮುಂದ ಬೇವಿನ ಕಡ್ಡಿನಾರ ಇಡ್ತೀವಿ.”

“ಕಡ್ಡಿ ನಡಿಯಂಗಿಲ್ಲ,” ಎಂದು ಡಾಕ್ಟರರು ಯೋಚಿಸಿದರು. “ದಾರ ನಡೀತದೇನು? ನಾ ಹೊಲಿಯೋ ದಾರ?”

“ಯಾ ಬಣ್ಣದ್ದು?”

“ನೀಲಿ.”

“ನೀಲಿ ಆದ್ರ ನಡೀತೈತಿ.”

ದಾರಿ ಕಾಣದಾಗಿದ್ದವರಿಗೆ ದಾರ ಸಿಕ್ಕಿತು.

ಶಸ್ತ್ರಕ್ರಿಯೆಯ ದಿನ ನಾನು ಆಸ್ಪತ್ರೆಯ ಮೊಗಸಾಲೆಯಲ್ಲಿ ಹುಸೇನಪ್ಪನ ಪಕ್ಕ ಕುಳಿತಿದ್ದೆ. ಹೆಂಡತಿಯ ಮೂಗುತಿಯನ್ನು ಅವನು ಕೊರಳಿನ ಕರಿದಾರಕ್ಕೆ ಪೋಣಿಸಿಕೊಂಡು, ಆಗಾಗ ಮುಟ್ಟಿ ನೋಡಿಕೊಳ್ಳುತ್ತಿದ್ದ. ಗದಿಗೆಮ್ಮ ಮೂಗಿನಲ್ಲಿ ನೀಲಿ ದಾರದ ಪುಟ್ಟ ಕುಣಿಕೆಯನ್ನಿಟ್ಟುಕೊಂಡು ರಾಣಿಯಂತೆ ಒಳಗೆ ಹೋದಳು. ಎಳೆಯ ನರ್ಸೊಬ್ಬಳು ಅದು ಹೊಸ ಫ್ಯಾಷನ್ನೇ ಎಂದು ಕೇಳಿದಳಂತೆ. ಬೆಳಿಗ್ಗೆ ಒಳಗೆ ಹೋದ ಡಾಕ್ಟರರು ಸಂಜೆಯಾದರೂ ಹೊರಬರಲಿಲ್ಲ. ಹುಸೇನಪ್ಪ ಮಾತಾಡುವುದನ್ನು ನಿಲ್ಲಿಸಿದ. ನಾನೂ ನಿಲ್ಲಿಸಿದೆ, ನನ್ನ ಮಟ್ಟಿಗೆ ಅದೊಂದು ದಾಖಲೆ.

ಬಾಗಿಲು ತೆರೆಯಿತು. ಕೋಟಿಲ್ಲದ ಜಾಗೀರದಾರರು ಅರ್ಧ ಮನುಷ್ಯನಂತೆ ಕಾಣುತ್ತಿದ್ದರು. ಬಂದವರೇ ಮೊದಲು ಹೇಳಿದ್ದು ಗೆದ್ದ ಸುದ್ದಿಯನ್ನಲ್ಲ.

“ಹುಸೇನಪ್ಪ, ಬಾಜೂಕ ಸೀಳಬೇಕಾತು. ಕಣ್ಣೀರಿನ ಚೀಲದ ಹತ್ತರ ಗಂಟು ಅಂಟಿತ್ತು, ಒಳಗಿಂದ ಬರಲಿಲ್ಲ.” ಹುಸೇನಪ್ಪ ಮೂಗುತಿಯನ್ನು ಮುಷ್ಟಿಯಲ್ಲಿ ಹಿಡಿದ. “ಆದ್ರ ಎಲ್ಲಾ ಬಂತು. ತೊಡಿಯಿಂದ ಪೊರಿ ತೆಗದು ಮಾಳಿಗಿಗೆ ತೇಪಿ ಹಾಕೀವಿ. ಸೋರಂಗಿಲ್ಲ. ಕಣ್ಣು ಉಳದದ. ಮೂಗು,” ಎಂದು ನಿಂತು, “ಮೂಗು ಎಲ್ಲಿತ್ತೋ ಅಲ್ಲೇ ಅದ.”

ಆಮೇಲೆ ಕಿರಣಚಿಕಿತ್ಸೆ, ಬಾಯಿರುಚಿ ಕೆಟ್ಟ ದಿನಗಳು, ಎಲ್ಲವೂ ಆದವು. ತೆಗೆದ ಗಂಟಿನ ಅಂಚುಗಳು ಶುದ್ಧವಾಗಿದ್ದವೆಂದು ವರದಿ ಬಂತು. ಈವರೆಗಿನ ತಪಾಸಣೆಗಳೆಲ್ಲ ನಿರ್ಮಲ. ಮುಂದಿನದರ ಬಗ್ಗೆ ಡಾಕ್ಟರರು ಬಾಯಿಬಿಡುವುದಿಲ್ಲ, ‘ನೋಡ್ಕೋತ ಇರೋಣು’ ಎನ್ನುತ್ತಾರೆ. ಗದಿಗೆಮ್ಮ ಕಟ್ಟಿಗೆಯ ಧೂಳಿಗೆ ಮರಳಲಿಲ್ಲ; ಈಗ ಸನತ್‌ನಗರದ ಕೆಲಸಗಾರರಿಗೆ ಜೋಳದ ರೊಟ್ಟಿ ಬಡಿಯುತ್ತಾಳೆ. ತಪಾಸಣೆಗೆ ಬಂದಾಗಲೆಲ್ಲ ತಾರ್ನಾಕಕ್ಕೂ ಬಂದು ಸುಹಾಸಿನಿಯವರ ಕೈಗೆ ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಡಬ್ಬಿ ಇಡುತ್ತಾಳೆ.

ಮೊನ್ನೆಯ ನವೆಂಬರದಲ್ಲಿ ಬಳಗದ ಸಮಾರಂಭಕ್ಕೂ ಬಂದಿದ್ದಳು. ಡಾಕ್ಟರರು ಎಂದಿನಂತೆ ಆಕೆಯ ಮೂಗಿನ ಪಕ್ಕ ಗೆರೆ ಹುಡುಕಿದರು. ಮಡಿಕೆಯಲ್ಲಿ ಮಡಿಕೆಯಾಗಿ ಅದು ಅಡಗಿಬಿಟ್ಟಿತ್ತು. ಪಾಯಸದ ಕಳೆ ಅವರ ಮುಖದಲ್ಲಿ ಏರತೊಡಗಿತು. ಅಷ್ಟರಲ್ಲಿ ಗುರುಶಾಂತರು, ಶಾಲಿನ ಭಾರದಿಂದ ಬಾಗಿ, “ಏನಮ್ಮಾ, ಆಪರೇಷನ್ ಆಗೇದಂತ, ಗುರ್ತನ ಇಲ್ಲಲ್ಲ?” ಎಂದರು. ಪ್ರಮಾಣವಚನ ಬೋಧಿಸಿ ಇನ್ನೂ ಗಂಟೆಯಾಗಿರಲಿಲ್ಲ.

ಗದಿಗೆಮ್ಮ ಮುಖವನ್ನು ಬೆಳಕಿಗೆ ತಿರುಗಿಸಿ, ಮೂಗುತಿಯ ಮೇಲಿನಿಂದ ಕಣ್ಣಿನ ಮೂಲೆಯವರೆಗೆ ಬೆರಳು ಓಡಿಸಿದಳು. “ಐತ್ರಿ, ಯಾಕಿಲ್ಲ? ಚಂದಾಗಿ ನೋಡ್ರಿ. ಇದು ನಮ್ಮ ಸಾಹೇಬ್ರು ಬಂದು ಹೋದ ದಾರಿ.”

ಡಾಕ್ಟರರ ಕಿರೀಟ ಅಲ್ಲಿಯೇ ಉರುಳಿತು. ಅದನ್ನೆತ್ತಿಕೊಳ್ಳುವ ಗೋಜಿಗೂ ಹೋಗದೆ ಅವರು ಕೋಟಿನ ಜೇಬಿನಲ್ಲಿ ಬ್ಯಾಟರಿಯನ್ನು ತಡಕಾಡುತ್ತ, ಆ ಸಭೆಯಲ್ಲಿ ಅತ್ಯಂತ ಸಂತುಷ್ಟ ಪುರುಷರಾಗಿ ನಿಂತಿದ್ದರು.

ತಾವು ಬಂದದ್ದು ಹತ್ತು ಜನಕ್ಕೆ ತಿಳಿಯಲೆಂದೇ ಬರುವವರಿಂದ ಈ ಲೋಕ ತುಂಬಿದೆ. ಅಂಥವರು ಹೋದ ಮೇಲೆ ಫಲಕಗಳೂ ಛಾಯಾಚಿತ್ರಗಳೂ ಉಳಿಯುತ್ತವೆ, ಒರೆಸುವ ಕೆಲಸ ಮನೆಯವರಿಗೆ. ಜಾಗೀರದಾರರ ಜಾತಿಯೇ ಬೇರೆ. ಅವರಿಗೂ ಅಹಂಕಾರವಿದೆ, ಅದೂ ಕಡಿಮೆಯದಲ್ಲ, ಆದರೆ ಅದೆಲ್ಲ ದಾರಿಯ ವಿಷಯಕ್ಕೆ: ಎಲ್ಲಿಂದ ಹೊಕ್ಕರೆ ಯಾರಿಗೂ ನೋವಾಗದು, ಎಲ್ಲಿ ಮೆಟ್ಟಿದರೆ ಮೇಲಿನ ಮನೆ ಸೋರದು. ಗುರುತು ಉಳಿಯಲೇಬೇಕಾದರೆ ಮೊದಲೇ ಹೇಳಿ, ಸರಿಯಾದ ಶಬ್ದ ಸಿಗುವವರೆಗೆ ಹಿತ್ತಲಿನ ಬಕೆಟ್ಟಿನ ಮೇಲೆ ಕಾದು, ಆಮೇಲೆ ಒಳಗೆ ಬರುತ್ತಾರೆ. ಅಂಥವರು ಮನೆ ಬಾಗಿಲಿಗೆ ಬಂದರೆ ಯಾವ ದಾರಿಯಿಂದ ಬಂದಿರೆಂದು ನಾವೇ ಮುಂದಾಗಿ ಕೇಳಬೇಕು. ಚಹಾ ಆರುತ್ತದೆ, ಆರಲಿ.